ವಾರಕ್ಕೆ ಅರ್ಧ ಸೆಂಟಿಮೀಟರ್

ಜನವರಿ 20, ಸೋಮವಾರ

ಚರ್ಮದ ಡಾಕ್ಟರು ಇವತ್ತು ಕೈಚೆಲ್ಲಿದರು. ಎಂಟು ತಿಂಗಳಿಂದ ನನ್ನ ಎಡಪಕ್ಕೆಗೆ ಇಂಜೆಕ್ಷನ್ ಚುಚ್ಚಿದ್ದೇ ಚುಚ್ಚಿದ್ದು. ಎರಡು ಸಲ ಹೆಪ್ಪುಗಟ್ಟಿಸುವ ಹೊಗೆ ಬಿಟ್ಟು ಸುಟ್ಟದ್ದೂ ಆಯಿತು. ಕೀಲಾಯ್ಡ್ ಎಂಬ ಈ ಗಂಟು ಒಂಚೂರು ತಗ್ಗಿದ ಹಾಗೆ ಮಾಡಿ ಮತ್ತೆ ತಲೆಯೆತ್ತುತ್ತದೆ. ಮೂರು ವರ್ಷದ ಹಿಂದೆ ತಮ್ಮ ಪುಟ್ಟನಿಗೆ ಕಿಡ್ನಿ ಕೊಟ್ಟಾಗಿನ ಗಾಯ ಇದು. ಮೊದಲು ಬರೀ ಗೆರೆ. ಅವನು ತೀರಿಕೊಂಡ ಮೇಲೆ ಊದಲು ಹತ್ತಿತು. ಈಗ ಗೇಣುದ್ದ, ಹೆಬ್ಬೆರಳಿನಷ್ಟು ದಪ್ಪ, ಮುಟ್ಟಿದರೆ ರಬ್ಬರಿನ ಹಾಗೆ.

"ಒಂದೊಂದೇ ಮದ್ದು ಇದಕ್ಕೆ ಸಾಲಲ್ಲಮ್ಮ, ಎಲ್ಲಾನೂ ಸೇರಿಸಿ ಹೊಡೀಬೇಕು" ಎಂದರು. "ಕತ್ತರಿಸಿ ತೆಗೀತೀನಿ. ಮಾರನೇ ದಿನದಿಂದಲೇ ಮೂರು ದಿನ ಕರೆಂಟ್, ಅದೇ ರೇಡಿಯೇಷನ್, ಕೊಡಿಸ್ತೀನಿ. ಹೊಲಿಗೆ ಬಿಚ್ಚಿದ ಮೇಲೆ ಸಿಲಿಕೋನ್ ಪಟ್ಟಿ, ಅದರ ಮೇಲೆ ಬಿಗಿ ಬೆಲ್ಟು. ತಿಂಗಳಿಗೊಂದು ಸಲ ನನಗೆ ತೋರಿಸ್ಬೇಕು. ಎಲ್ಲಾದ್ರೂ ಉಬ್ಬಿದ್ರೆ ಅಲ್ಲೇ ಇಂಜೆಕ್ಷನ್. ಇದರಲ್ಲಿ ಒಂದನ್ನ ಬಿಟ್ರೂ ಮತ್ತೆ ಬರುತ್ತೆ, ಮೊದಲಿಗಿಂತ ದೊಡ್ಡದಾಗಿ ಬರುತ್ತೆ. ಆಗ ನನ್ನನ್ನ ಬೈಬೇಡಿ."

ಬೈಯುವ ಪೈಕಿ ನಾನಲ್ಲ ಎಂದೆ. ಪಕ್ಕದಲ್ಲಿ ಕೂತಿದ್ದ ಇವರು ಕೆಮ್ಮಿದರು. ಮನೆಗೆ ಬಂದ ಮೇಲೆ ಯಾಕೆ ಕೆಮ್ಮಿದಿರಿ ಎಂದು ಚೆನ್ನಾಗಿ ಬೈದೆ.

ಕತ್ತರಿಸಲೇಬೇಕು, ಬೇರೆ ದಾರಿ ಇಲ್ಲ. ಶಾಲೆಯ ಸಮವಸ್ತ್ರ ಹೊಲಿಯುವ ನಮ್ಮ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವಳು ನಾನು. ದಿನವಿಡೀ ಮೇಜಿನ ಮೇಲೆ ಬಗ್ಗಬೇಕು. ಬಗ್ಗಿದರೆ ಈ ಗಂಟು ಪಕ್ಕೆಯನ್ನು ಹಿಡಿದು ಎಳೆಯುತ್ತದೆ. ಸ್ಟೂಲಿನ ಮೇಲೆ ಕೂತು ದಾರದ ತುದಿ ಕತ್ತರಿಸುವ ಕೆಲಸ ಕೊಡ್ತೀನಿ ಎಂದು ಮಾಲೀಕರು ಹೇಳಿದ್ದಾರೆ. ಇಪ್ಪತ್ತೆರಡು ವರ್ಷ ದೊಡ್ಡ ಕತ್ತರಿ ಹಿಡಿದವಳಿಗೆ ದಾರದ ತುದಿಯಂತೆ!

ಜನವರಿ 24, ಶುಕ್ರವಾರ

ಹನ್ನೊಂದಕ್ಕೆ ತುರಿಕೆ ಶುರು, ಮೂರಕ್ಕೆ ನಿಂತಿತು. ಸೋಮವಾರ, ಬುಧವಾರ, ಶುಕ್ರವಾರ ಮಾತ್ರ ಹೀಗೆ. ನಾನು ಕೊಟ್ಟ ಕಿಡ್ನಿ ಒಂದೂವರೆ ವರ್ಷಕ್ಕೆ ಕೆಟ್ಟ ಮೇಲೆ ಪುಟ್ಟನನ್ನು ಡಯಾಲಿಸಿಸ್ ಯಂತ್ರಕ್ಕೆ ಹಾಕುತ್ತಿದ್ದದ್ದು ಇದೇ ದಿನ, ಇದೇ ಹೊತ್ತು. ಡಾಕ್ಟರಿಗೆ ಹೇಳಲಿಲ್ಲ. ಹೇಳಿದರೆ ಇನ್ನೊಬ್ಬ ಡಾಕ್ಟರ ಚೀಟಿ ಬರೆದುಕೊಡುತ್ತಾರೆ, ತಲೆಯ ಡಾಕ್ಟರದ್ದು.

ಕಿಡ್ನಿಯನ್ನು ಮೈ ತಳ್ಳದಿರಲೆಂದು ಕೊಟ್ಟ ಮಾತ್ರೆಯನ್ನು ಪುಟ್ಟ ಒಂದು ಹೊತ್ತೂ ತಪ್ಪಿಸಿದವನಲ್ಲ. ತಿಂದ ಮಾತ್ರೆಗೆಲ್ಲ ಕಾಗದದಲ್ಲಿ ಗುರುತು ಹಾಕುತ್ತಿದ್ದ. ಆದರೂ ಅವನ ಮೈ ನನ್ನ ಕಿಡ್ನಿಯನ್ನು ಒಪ್ಪಲಿಲ್ಲ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಲಿ?

ಫೆಬ್ರವರಿ 3, ಸೋಮವಾರ

ಕತ್ತರಿಸಿದರು. ಬರೀ ಜಾಗ ಮರಗಟ್ಟಿಸಿದ್ದರು, ಎಚ್ಚರವಿದ್ದೆ. ತೆಗೆದದ್ದನ್ನು ಸ್ಟೀಲ್ ಬಟ್ಟಲಿಗೆ ಹಾಕಿದಾಗ ಸದ್ದು ಬಂತು. ಮಾಂಸದ ಸದ್ದಲ್ಲ. ಗುಂಡಿ ಬಿದ್ದ ಹಾಗೆ.

ನೋಡ್ತೀರಾ ಎಂದು ನರ್ಸ್ ಕೇಳಿದರು. ಬೇಡ ಎಂದೆ. ಈಗ ನೋಡಬೇಕಿತ್ತು ಅನ್ನಿಸುತ್ತಿದೆ.

ಫೆಬ್ರವರಿ 6, ಗುರುವಾರ

ಕರೆಂಟ್ ಮುಗಿಯಿತು. ಮೂರು ದಿನವೂ ಯಂತ್ರದ ಕೋಣೆಯಲ್ಲಿ ಒಬ್ಬಳೇ, ಗೋಡೆಯಾಚೆಯಿಂದ ಆಪರೇಟರನ ದನಿ. ಇವತ್ತು ನಡುವೆ ನಿಲ್ಲಿಸಿಬಿಟ್ಟ.

"ಅಲುಗಾಡ್ಬೇಡಿ ಅಮ್ಮಾ."

"ನಾನೆಲ್ಲಿ ಅಲುಗಾಡಿದೆ?"

"ಉಸಿರಾಟ ಇರ್ಬೇಕು ಬಿಡಿ" ಎಂದು ಮತ್ತೆ ಶುರುಮಾಡಿದ. ನಾನು ಉಸಿರು ಬಿಗಿಹಿಡಿದಿದ್ದೆ. ಬಟ್ಟೆಯ ಮೇಲೆ ಗುರುತೆಳೆಯುವಾಗ ಹಿಡಿಯುತ್ತೇನಲ್ಲ, ಆ ಅಭ್ಯಾಸ.

ಫೆಬ್ರವರಿ 17, ಸೋಮವಾರ

ಹೊಲಿಗೆ ಬಿಚ್ಚಿದರು. ಡಾಕ್ಟರ ಹೊಲಿಗೆ ನೋಡಿ ಹೊಟ್ಟೆಕಿಚ್ಚಾಯಿತು, ಅಷ್ಟು ಸಣ್ಣ ಸಣ್ಣ ಟಾಕು. ಅಂಗಡಿಯಲ್ಲಿ ಸಿಗುವ ಬೆಲ್ಟು ತೋರಿಸಿದರು. ಅಂಚು ವಕ್ರ, ಕೊಕ್ಕೆ ದುರ್ಬಲ. ನಾನೇ ಹೊಲಿದುಕೊಳ್ಳುತ್ತೇನೆ ಎಂದೆ. ಮಧ್ಯಾಹ್ನ ಕಾರ್ಖಾನೆಗೆ ಹೋಗಿ ಹೊಲಿದೆ. ಕಾಜಾ ಅಕ್ಕ ಕೊಕ್ಕೆ ಹಾಕಿಕೊಟ್ಟಳು. ಅವಳದ್ದು ಗುಂಡಿಯ ತೂತು ಹೊಲಿಯುವ ಕಾಜಾ ಮೆಷೀನು, ಅದಕ್ಕೇ ಆ ಹೆಸರು. ನಿಜವಾದ ಹೆಸರು ಅವಳಿಗೇ ನೆನಪಿದೆಯೋ ಇಲ್ಲವೋ.

"ಇಷ್ಟು ಬಿಗಿ ಯಾಕೇ? ಗಂಡನ ಮನೆಯಿಂದ ಓಡಿಹೋಗ್ಬಾರದು ಅಂತಾನಾ?"

"ಗಾಯ ಮತ್ತೆ ಬರಬಾರದು ಅಂತ."

ಎಂದೆ. ಎಂದಮೇಲೆ ಯಾಕೋ ಬಾಯಿ ಕಹಿಯಾಯಿತು.

ಮಾರ್ಚ್ 3, ಸೋಮವಾರ

ಡಾಕ್ಟರು ಖುಷಿಯಾಗಿದ್ದಾರೆ. ಗಾಯ ದಾರದೆಳೆಯಷ್ಟು, ನುಣ್ಣಗಿದೆ. ಒಂದು ಕಟ್ಟು ಪ್ಲಾಸ್ಟಿಕ್ ಹಾಳೆ, ಒಂದು ಪೆನ್ನು ಕೊಟ್ಟರು. ಉಬ್ಬು ಕಂಡರೆ ಶುಕ್ರವಾರ ಶುಕ್ರವಾರ ಹಾಳೆಯನ್ನು ಮೈಮೇಲಿಟ್ಟು ಅಂಚು ಎಳೆದು ತರಬೇಕಂತೆ. "ಕಣ್ಣಿಗೆ ಮೋಸ ಆಗುತ್ತೆ. ಗೆರೆಗೆ ಆಗಲ್ಲ" ಎಂದರು.

ಗೆರೆಯ ವಿಷಯ ನನಗೆ ಹೇಳುತ್ತಾರೆ!

ತುರಿಕೆ ಮಾತ್ರ ನಿಂತಿಲ್ಲ. ಹನ್ನೊಂದರಿಂದ ಮೂರು. ಈಗ ಚರ್ಮದ ಮೇಲಲ್ಲ, ಒಳಗೆ.

ಮಾರ್ಚ್ 7, ಶುಕ್ರವಾರ

ಇದೆ. ಬೆಳಿಗ್ಗೆ ಸ್ನಾನ ಮಾಡುವಾಗ ಕೈಗೆ ಸಿಕ್ಕಿತು. ಗಾಯದ ನಡುಭಾಗದಲ್ಲಿ, ನಾಲ್ಕು ಸೆಂಟಿಮೀಟರು. ಹೆದರಿಕೆ ಎಂದು ಬರೆಯಲು ಹೊರಟಿದ್ದೆ, ಆದರೆ ಹೆದರಿಕೆಯಲ್ಲ. ಕಳೆದುಹೋಗಿದ್ದ ಒಬ್ಬರು ಬೀದಿಯ ಆ ತುದಿಯಲ್ಲಿ ಕಂಡ ಹಾಗೆ.

ಹಾಳೆಯಿಟ್ಟು ಎಳೆದೆ. ತಾರೀಕು ಹಾಕಿದೆ. ಇವರಿಗೆ ಹೇಳಲಿಲ್ಲ.

ಮಾರ್ಚ್ 14, ಶುಕ್ರವಾರ

ನಾಲ್ಕೂವರೆ.

ಮಾರ್ಚ್ 21, ಶುಕ್ರವಾರ

ಐದು. ಬಗ್ಗಿ ಪಕ್ಕೆಯ ಮೇಲೆ ಎಳೆಯುವುದು ಸರ್ಕಸ್ಸು, ಕುತ್ತಿಗೆ ಹಿಡಿಯುತ್ತದೆ. ಹಿಂದಿನ ವಾರದ ಹಾಳೆಯನ್ನು ಕೆಳಗಿಟ್ಟು ಎಳೆದುಬಿಡುತ್ತೇನೆ, ಎಷ್ಟು ಏರಿದೆ ಎಂದು ಬೆರಳಿಗೇ ಗೊತ್ತಾಗುತ್ತದೆ. ಕಾರ್ಖಾನೆಯಲ್ಲೂ ಅಷ್ಟೇ. ಒಂದೊಂದು ಮಗುವಿನ ಮೈ ಅಳೆಯುತ್ತಾ ಕೂರುತ್ತೇವಾ? ಮೂಲ ನಮೂನೆ ಒಂದಿರುತ್ತದೆ, ಅದರ ಸುತ್ತ ಒಂದೇ ಸಮನೆ ಅಂಚು ಬಿಡುತ್ತಾ ಹೋದರೆ ಮುಂದಿನ ಸೈಜು, ಅದರ ಮುಂದಿನ ಸೈಜು. ಒಂದನೇ ತರಗತಿಯಿಂದ ಹತ್ತನೇ ತರಗತಿಯವರೆಗೆ ಹೀಗೆಯೇ ಬೆಳೆಸುತ್ತೇನೆ.

ಮಾರ್ಚ್ 31, ಸೋಮವಾರ

ಡಾಕ್ಟರನ್ನು ನೋಡುವ ದಿನ. ಆಸ್ಪತ್ರೆಗೆ ಹೋದೆ. ಲಿಫ್ಟಿನಲ್ಲಿ ಮೂರು ಒತ್ತುವ ಬದಲು ಎರಡು ಒತ್ತಿದೆ, ಡಯಾಲಿಸಿಸ್ ವಾರ್ಡಿನ ಮಹಡಿ. ಹೊರಗಿನ ಬೆಂಚು ಹಾಗೇ ಇದೆ, ಅದರ ಹರಿದ ರೆಕ್ಸಿನ್ನೂ ಹಾಗೇ ಇದೆ. ಕೂತೆ. ಬಾಗಿಲಲ್ಲಿದ್ದ ಆಯಾ ನನ್ನನ್ನು ಗುರುತು ಹಿಡಿದಳು.

"ತಮ್ಮ ಒಳಗಿದಾನಾ?"

"ಹೂಂ."

"ಇನ್ನೂ ಬಿಟ್ಟಿಲ್ವಾ?"

"ಮೂರಕ್ಕೆ ಬಿಡ್ತಾರೆ."

ಸುಳ್ಳು ಹೇಳಿದೆ ಎಂದು ಅನ್ನಿಸಲೇ ಇಲ್ಲ. ಮೂರಕ್ಕೆ ಎದ್ದು ಬಂದೆ. ಮೇಲಿನ ಮಹಡಿಗೆ ಹೋಗಿದ್ದರೆ ಸೂಜಿ ಹಾಕುತ್ತಿದ್ದರು. ಐದೂವರೆ ಸೆಂಟಿಮೀಟರಿನವನಿಗೆ ಸೂಜಿ ಹಾಕಿಸಲು ನನಗೆ ಮನಸ್ಸಾಗಲಿಲ್ಲ.

"ಡಾಕ್ಟ್ರು ಏನಂದ್ರು?" ಎಂದು ಇವರು ಕೇಳಿದರು.

"ಚೆನ್ನಾಗಿದೆ ಅಂದ್ರು."

ಏಪ್ರಿಲ್ 11, ಶುಕ್ರವಾರ

ಆರೂವರೆ. ಒಂದು ಬದಿ ಒಳಕ್ಕೆ ಬಾಗಲು ಹತ್ತಿದೆ. ಬೆಲ್ಟು ಒಂದಿಂಚು ಬಿಚ್ಚಿ ಹೊಲಿದೆ, ಪಾಪ, ಉಸಿರುಕಟ್ಟಬಾರದಲ್ಲ.

ಊಟದ ಹೊತ್ತಿನಲ್ಲಿ ಕಾಜಾ ಅಕ್ಕ ನನ್ನ ಚೀಲಕ್ಕೆ ಕೈಹಾಕಿ ಹಾಳೆಗಳನ್ನು ಎಳೆದಳು. ಅವಳ ಕೈಗೆ ನಾಚಿಕೆಯೇ ಇಲ್ಲ. ಒಂದರ ಮೇಲೊಂದಿಟ್ಟು ಕಿಟಕಿಗೆ ಹಿಡಿದಳು.

"ಏನೇ ಇದು, ಗೋಡಂಬಿಗೆ ಸೈಜ್ ಏರಿಸ್ತಿದ್ದೀಯಾ? ಚಡ್ಡಿ ಹೊಲೀತೀಯಾ ಅದಕ್ಕೆ?"

ಕಿತ್ತುಕೊಂಡೆ. ಜೋರಾಗಿಯೇ ಕಿತ್ತುಕೊಂಡೆನೇನೋ, ಅವಳ ಮುಖ ಸಣ್ಣದಾಯಿತು. ಸಂಜೆಯವರೆಗೂ ನನ್ನ ಕಡೆ ನೋಡಲಿಲ್ಲ.

ಏಪ್ರಿಲ್ 28, ಸೋಮವಾರ

ಬೆಂಚಿನಲ್ಲಿ ಕೂತು ಬಂದೆ. ಆಯಾ ನನಗೆ ಟೀ ತಂದುಕೊಟ್ಟಳು. "ನಿಮ್ಮಂಥ ಅಕ್ಕ ಎಲ್ಲರಿಗೂ ಸಿಗಲ್ಲ" ಎಂದಳು.

ಮೇ 9, ಶುಕ್ರವಾರ

ಎಂಟೂವರೆ. ಇವರು ಲಿಫ್ಟ್ ರಿಪೇರಿ ಮಾಡುವವರು. ಒಂದು ಸ್ಕ್ರೂ ಸಡಿಲವಿದ್ದರೂ ಸದ್ದಿನಲ್ಲೇ ಗುರುತು ಹಿಡಿಯುತ್ತಾರೆ. ನನ್ನನ್ನೂ ಹಾಗೇ ಕಿವಿಗೊಟ್ಟು ನೋಡುತ್ತಿದ್ದಾರೆ ಒಂದು ವಾರದಿಂದ.

"ಬೆಲ್ಟ್ ಬಿಚ್ಚೇ, ನಾನೂ ನೋಡ್ತೀನಿ."

"ಬಿಗಿ ತಪ್ಪಿದ್ರೆ ಡಾಕ್ಟ್ರು ಬೈತಾರೆ."

"ಯಾರ ಹತ್ರ ಮಾತಾಡ್ತಿದ್ದೆ ಬಚ್ಚಲಲ್ಲಿ?"

"ಹಾಡ್ಕೊಳ್ತಿದ್ದೆ."

"ನೀನು? ಹಾಡು?"

ನಗು ಬಂತು ನನಗೆ. ಅವರಿಗೆ ಬರಲಿಲ್ಲ.

ಮೇ 23, ಶುಕ್ರವಾರ

ಒಂಬತ್ತೂವರೆ. ಮಲಗಿದರೆ ಎಡಕ್ಕೆ ಭಾರ. ಬೆಲ್ಟು ಇನ್ನೊಂದಿಂಚು ಬಿಟ್ಟೆ. ಮೇಜಿನ ಮೇಲೆ ಬಗ್ಗುವಾಗ ಒಂದು ಕೈಯಿಂದ ಹಿಡಿದುಕೊಳ್ಳುತ್ತೇನೆ, ಅವನು ಮಡಚಿಕೊಳ್ಳಬಾರದು. ಒಂದೇ ಕೈಯಲ್ಲಿ ಕತ್ತರಿಸಲು ಹೋಗಿ ನಲವತ್ತು ಅಂಗಿಯ ಬಟ್ಟೆ ಹಾಳುಮಾಡಿದೆ. ಮಾಲೀಕರು ಬಾಯಿಗೆ ಬಂದ ಹಾಗೆ ಬೈದರು. ನಾಳೆಯಿಂದ ಸ್ಟೂಲು, ದಾರದ ತುದಿ.

ಅಯ್ಯೋ ಎನ್ನಿಸಬೇಕಿತ್ತು. ಕೂತು ಮಾಡುವ ಕೆಲಸ, ಅವನಿಗೂ ಆರಾಮ.

ಜೂನ್ 13, ಶುಕ್ರವಾರ

ಹನ್ನೊಂದು. ಇನ್ನು ಬೆಳೆಯುವುದಿಲ್ಲ. ಗೆರೆ ಮುಗಿಸಿ ಪೆನ್ನು ಎತ್ತಿದಾಗ ಗೊತ್ತಾಯಿತು, ಇದು ಕೊನೆಯ ಸೈಜು.

ಜೂನ್ 16, ಸೋಮವಾರ

ಇವತ್ತಿನದ್ದನ್ನು ಬರೆದೇ ತೀರುತ್ತೇನೆ.

ಬೆಳಿಗ್ಗೆ ಆಸ್ಪತ್ರೆಯಿಂದ ಮನೆಗೆ ಫೋನು. ಎತ್ತಿದ್ದು ಇವರು. ಮೂರು ತಿಂಗಳಿಂದ ನಾನು ತೋರಿಸಿಲ್ಲವೆಂದು ಅವರು ಹೇಳಿದ್ದು ನನಗೂ ಕೇಳಿಸಿತು. ಇವರು ಕೂಗಾಡಲಿಲ್ಲ. ಚಪ್ಪಲಿ ತಂದು ನನ್ನ ಕಾಲ ಮುಂದಿಟ್ಟು "ನಡಿ" ಎಂದರು. ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ಅವರು ನನ್ನ ಚಪ್ಪಲಿ ಮುಟ್ಟಿದ್ದಿಲ್ಲ.

ಡಾಕ್ಟರ ಮುಂದೆ ನಾನೇ ಮೊದಲು ಹಾಳೆಗಳನ್ನಿಟ್ಟೆ. ಹದಿನೈದು. ಅವರು ಒಂದೊಂದೇ ನೋಡಿದರು, ಮುಖ ಗಂಭೀರವಾಯಿತು. "ಇಷ್ಟು ಬೆಳೆಯೋವರೆಗೂ ಏನಮ್ಮ ಮಾಡ್ತಿದ್ರಿ?" ಎಂದು ರೇಗಿದರು. ಬೆಲ್ಟು ಬಿಚ್ಚಲು ಹೇಳಿದರು. ಬಿಚ್ಚಿದೆ. ಸಿಲಿಕೋನ್ ಪಟ್ಟಿ ಎತ್ತಿದರು.

ದೀಪವನ್ನು ಹತ್ತಿರಕ್ಕೆ ಎಳೆದುಕೊಂಡರು.

"ಎಲ್ಲಿದೆ?" ಎಂದರು ಡಾಕ್ಟರು.

"ಅಲ್ಲೇ ಇದೆಯಲ್ಲ."

ಅವರು ನನ್ನ ಬೆರಳು ಹಿಡಿದು ಪಕ್ಕೆಯ ಮೇಲೆ ಮೆಲ್ಲಗೆ ಎಳೆದರು. ನುಣುಪು. ದಾರದೆಳೆಯಂಥ ಗೆರೆ, ಅಷ್ಟೇ. ಮತ್ತೆ ಎಳೆದರು. ನಾನು ಅದುಮಿದೆ, ಹುಡುಕಿದೆ, ಉಗುರು ತಾಗಿ ನೋವಾಗುವವರೆಗೆ ಹುಡುಕಿದೆ. ಇವರು ನನ್ನ ಕೈ ಹಿಡಿದುಕೊಂಡರು.

ಡಾಕ್ಟರು ಹಾಳೆಗಳ ಮೇಲೆ ಸ್ಕೇಲು ಇಟ್ಟರು. "ಪ್ರತಿ ವಾರ ಅರ್ಧ ಸೆಂಟಿಮೀಟರ್. ಒಂದು ಗೆರೆ ಹೆಚ್ಚಿಲ್ಲ, ಕಮ್ಮಿ ಇಲ್ಲ. ಯಾವ ಗಾಯವೂ ಹೀಗೆ ಬೆಳೆಯಲ್ಲಮ್ಮ. ಇದು ಮೈಮೇಲೆ ಇಟ್ಟು ಎಳೆದದ್ದಲ್ಲ."

ಹಾಳೆಯ ಮೇಲೆ ಹಾಳೆ ಇಟ್ಟು ಎಳೆದದ್ದು. ಸೈಜು ಏರಿಸಿದ್ದು. ನನಗೆ ಆಗ ಹೊಳೆಯಿತು. ಮೂರು ತಿಂಗಳು ಒಂದು ದಿನವೂ ನಾನು ಗಾಯವನ್ನು ನೋಡಿಯೇ ಇರಲಿಲ್ಲ.

ಡಾಕ್ಟರು ಕೊನೆಯ ಹಾಳೆಯನ್ನು ಕೈಯಲ್ಲೇ ಹಿಡಿದು ಕೂತಿದ್ದರು. ಆಮೇಲೆ ಎದ್ದು ಹೋಗಿ, ಕಿಡ್ನಿ ಕೊಡುವಾಗಿನ ನನ್ನ ಹಳೆಯ ಫೈಲನ್ನು ದಾಖಲೆ ಕೋಣೆಯಿಂದ ತರಿಸಿದರು. ಲಕೋಟೆಗೆ ಅಂಟಿಸಿದ್ದ ಟೇಪು ಇನ್ನೂ ಬಿಚ್ಚಿರಲಿಲ್ಲ. ಅದರಲ್ಲಿದ್ದ ಸ್ಕ್ಯಾನ್ ಚಿತ್ರವನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ, ಪಕ್ಕದಲ್ಲಿ ನನ್ನ ಹಾಳೆ ಸಿಕ್ಕಿಸಿದರು. ತೆಗೆಯುವ ಮೊದಲಿನ ನನ್ನ ಎಡ ಕಿಡ್ನಿ. ಅದೇ ಬಾಗು. ಮೇಲ್ತುದಿಯಲ್ಲಿ ಅದೇ ಸಣ್ಣ ತಗ್ಗು. ಕೆಳಗೆ ಅಳತೆ ಬರೆದಿತ್ತು, ಹನ್ನೊಂದು ಸೆಂಟಿಮೀಟರ್.

"ಇದನ್ನ ಯಾವತ್ತಾದ್ರೂ ನೋಡಿದ್ರಾ?"

"ಇಲ್ಲ ಡಾಕ್ಟ್ರೇ."

ಅವರು ಬೆಳಕಿನ ಪೆಟ್ಟಿಗೆ ಆರಿಸಿಬಿಟ್ಟರು. ಮತ್ತೆ ನನ್ನ ಪಕ್ಕೆಗೆ ಬಗ್ಗಿ, ಗಾಯದ ಹಿಂದಿನ ತುದಿಯಲ್ಲಿ, ಬೆನ್ನಿನ ಕಡೆ, ಒತ್ತಿದರು. ಚುರುಕ್ಕೆಂದಿತು.

"ಇಲ್ಲಿ ನೋಡಿ. ಮೆಣಸಿನ ಕಾಳಿನಷ್ಟು. ಇದು ನಿಜವಾಗಲೂ ಬರ್ತಾ ಇರೋದು. ಬೆಲ್ಟ್ ಸಡಿಲ ಮಾಡಿದ್ದೀರಿ. ಇದನ್ನ ನೀವು ಎಳೆದೇ ಇಲ್ಲ. ಇವತ್ತೇ ಇಂಜೆಕ್ಷನ್ ಹಾಕಿದ್ರೆ ಇಲ್ಲಿಗೇ ನಿಲ್ಲುತ್ತೆ. ಬಿಟ್ರೆ ಹಳೇದೆಲ್ಲ ಮತ್ತೆ. ಆಮೇಲೆ ನಾನು ಕತ್ತರಿಸಲ್ಲ."

ನಾನು ಬೆಲ್ಟು ಎತ್ತಿಕೊಂಡು ಹೊರಗೆ ಬಂದುಬಿಟ್ಟೆ. ಮನೆಯ ಬಾಗಿಲು ಹಾಕಿದ ಮೇಲೆ ಇವರು ಒಂದೇ ಮಾತು ಕೇಳಿದರು, "ಯಾಕೆ?"

"ಅದೂ ಹೋದ್ರೆ ಪುಟ್ಟ ಪೂರ್ತಿ ಹೋಗ್ತಾನೆ ರೀ."

ಹೇಳಿಬಿಟ್ಟೆ. ಬರೆದೂ ಬಿಟ್ಟೆ. ಇನ್ನೇನು ಉಳಿಯಿತು.

ಜೂನ್ 18, ಬುಧವಾರ

ಇವರು ಫೋನು ಮಾಡಿ ಪುಟ್ಟನ ಹೆಂಡತಿಯನ್ನು ಕರೆಸಿದ್ದಾರೆ. ಅವಳು ಬಂದಾಗ ಹನ್ನೊಂದೂಕಾಲು, ತುರಿಕೆ ಶುರುವಾಗಿತ್ತು. ನಾನು ಪಕ್ಕೆ ಹಿಡಿದುಕೊಂಡೇ ಬಾಗಿಲು ತೆಗೆದೆ. ಅವಳ ಕಣ್ಣು ನೇರ ನನ್ನ ಕೈಗೇ ಹೋಯಿತು. ಕೂರು ಎಂದರೂ ಕೂರಲಿಲ್ಲ.

"ಅತ್ತಿಗೆ, ನಿಮಗೆ ಒಂದು ವಿಷಯ ಹೇಳಿಲ್ಲ ನಾನು. ಹೇಳ್ಬೇಡ ಅಂತ ಅವರೇ ಆಣೆ ಹಾಕಿಸಿದ್ರು."

"ಹೇಳು."

"ಅವರು ಮಾತ್ರೆ ತಗೊಳ್ತಿರಲಿಲ್ಲ. ಗುರುತು ಮಾತ್ರ ಹಾಕ್ತಿದ್ರು. ಕಿಡ್ನಿ ಕೆಡೋಕೆ ಮುಂಚೆ ಆರು ತಿಂಗಳು. ಮಾತ್ರೆಯೆಲ್ಲ ದಿಂಬಿನ ಚೀಲದಲ್ಲಿ ಸಿಕ್ತು."

ನನಗೆ ಅವಳ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. "ಯಾಕೆ?" ಎಂದು ಕಿರುಚಿದೆ. ಎರಡು ದಿನದ ಹಿಂದೆ ಇವರು ನನ್ನನ್ನು ಕೇಳಿದ ಮಾತು.

"ನಾನೂ ಕೇಳಿದೆ. 'ಇದು ನಂದಲ್ಲ ಕಣೇ, ಅಕ್ಕಂದು. ದಿನಾ ವಾಪಸ್ ಹೋಗ್ತೀನಿ ಅಂತಿದೆ. ಮಾತ್ರೆ ಹಾಕಿ ಕಟ್ಟಿಹಾಕಿದ್ದೆ, ಪಾಪ' ಅಂದ್ರು. ಎಲ್ಲಿಗೆ ಹೋಗುತ್ತೆ ಅಂದೆ. 'ಅಕ್ಕನ ಎಡಪಕ್ಕೆಗೆ. ನಾನೂ ಜೊತೆಗೇ ಹೋಗ್ತೀನಿ' ಅಂದ್ರು. ಜ್ವರಕ್ಕೆ ಮಾತಾಡ್ತಿದಾರೆ ಅಂದ್ಕೊಂಡೆ ಅತ್ತಿಗೆ. ಜ್ವರ ಇರಲಿಲ್ಲ."

ಅವಳು ಅಳುತ್ತಿದ್ದಳು. ನಾನು ಅಳಲಿಲ್ಲ. ನನಗೆ ಬಂದದ್ದು ಸಿಟ್ಟು, ಎರಡು ವರ್ಷದಿಂದ ಯಾರ ಮೇಲೆ ಹಾಕಬೇಕೆಂದು ತಿಳಿಯದೆ ಇಟ್ಟುಕೊಂಡಿದ್ದ ಸಿಟ್ಟು. ನಾನು ಕೊಟ್ಟದ್ದು! ವಾಪಸ್ ಕೊಡು ಅಂತ ಕೇಳಿದೆನೇನೋ ನಾನು? ಕೊಟ್ಟದ್ದನ್ನು ಇಟ್ಟುಕೊಳ್ಳಲು ಬರಲಿಲ್ಲವಲ್ಲೋ ನಿನಗೆ! ಹೀಗೇ ಕೂಗಿದೆ, ಗೋಡೆ ನೋಡಿಕೊಂಡು. ಪಕ್ಕದ ಮನೆಯವರ ಕಿಟಕಿ ತೆರೆದುಕೊಂಡಿತು. ತೆರೆದುಕೊಳ್ಳಲಿ.

ಕೂಗಿ ಕೂಗಿ ಗಂಟಲು ಬಿದ್ದಮೇಲೆ ನೆಲದಲ್ಲಿ ಕೂತೆ. ಅವಳೂ ಪಕ್ಕದಲ್ಲಿ ಕೂತಳು. ಅವನು ಸುಳ್ಳು ಗುರುತು ಹಾಕಿದ, ನಾನು ಸುಳ್ಳು ಗೆರೆ ಎಳೆದೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಲ್ಲವೇ? ನನ್ನನ್ನು ಕಾಯಬೇಕಾದವರಿಗೆ ನಾನೂ ಅವನ ಹಾಗೆಯೇ ಮೋಸ ಮಾಡುತ್ತಿದ್ದೇನೆ. ಇವರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಮೂರು ಲೋಟ, ಒಳಗೆ ಬರಲೋ ಬೇಡವೋ ಎಂದು ತಿಳಿಯದೆ. ಆ ಮುಖ ನೋಡಿ, ಶುಕ್ರವಾರ ಇಂಜೆಕ್ಷನ್ ಹಾಕಿಸಿಕೊಳ್ತೀನಿ ಎಂದೆ.

ಜೂನ್ 20, ಶುಕ್ರವಾರ

ಹೋದೆ. ಇವರೂ ಬಂದರು.

ಮಗ್ಗುಲಾಗಿ ಮಲಗಿಸಿದರು. ಮೆಣಸಿನ ಕಾಳಿನಷ್ಟಿದ್ದದ್ದು ನಾಲ್ಕು ದಿನಕ್ಕೆ ಕಡಲೆಯಷ್ಟಾಗಿದೆಯಂತೆ. ಡಾಕ್ಟರು ಸೂಜಿ ತಾಗಿಸಿದ ಕೂಡಲೇ ಪಕ್ಕೆಯೊಳಗೆ ಏನೋ ಬೆಚ್ಚಿ ನನಗೆ ಒತ್ತಿಕೊಂಡಿತು, ನಿದ್ದೆಗಣ್ಣಿನ ಮಗು ಒತ್ತಿಕೊಳ್ಳುವ ಹಾಗೆ. ಇದನ್ನು ನಾನು ಕಲ್ಪಿಸಿಕೊಂಡಿಲ್ಲ. ಡಾಕ್ಟರ ಕೈಯೂ ಅಲ್ಲೇ ನಿಂತಿತು.

"ಅಲುಗಾಡಿದ್ರಾ?" ಎಂದರು.

"ನಾನಲ್ಲ ಡಾಕ್ಟ್ರೇ. ನೀವು ಹಾಕಿ."

ಇಂಜೆಕ್ಷನ್ ಈ ಸಲದಷ್ಟು ಯಾವತ್ತೂ ಉರಿದಿರಲಿಲ್ಲ. ನಾನು ಕೈಯನ್ನು ಪಕ್ಕೆಯ ಮೇಲಿಟ್ಟು, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ, "ಬರಬೇಡ ಪುಟ್ಟಾ. ಅಕ್ಕ ನಿನಗೆ ಕೊಟ್ಟದ್ದು ನಿನಗೇ. ಬರಬೇಡ."

ನರ್ಸ್ ತಲೆ ತಗ್ಗಿಸಿದರು. ಇವರು ನನ್ನ ಪಾದ ಹಿಡಿದುಕೊಂಡು ನಿಂತಿದ್ದರು. ಒತ್ತಿಕೊಂಡದ್ದು ಸ್ವಲ್ಪ ಹೊತ್ತು ಹಾಗೇ ಇತ್ತು, ಕೇಳಿಸಿಕೊಂಡಿತೋ ಇಲ್ಲವೋ ಎಂದು ನನಗೆ ಭಯವಾಗುವಷ್ಟು ಹೊತ್ತು. ಆಮೇಲೆ ಬಿಟ್ಟಿತು. ಅಲ್ಲಿ ಒಂದು ಕಿಡ್ನಿಯಷ್ಟು ಜಾಗ ಖಾಲಿಯಿದೆ ಎಂಬುದು ಮೂರು ವರ್ಷದಲ್ಲಿ ಇವತ್ತು ಮೊದಲ ಸಲ ನನ್ನ ಮೈಗೆ ಗೊತ್ತಾಯಿತು. ಆ ಮೇಜಿನ ಮೇಲೆ ಮಲಗಿಕೊಂಡೇ, ಅವನು ಸತ್ತ ದಿನ ಅಳದಿದ್ದದ್ದನ್ನೆಲ್ಲ ಅತ್ತೆ.